ಎರಡು ಗೆಲುವು, ಒಂಬತ್ತು ಸಮ

ಕಾಸರಗೋಡಿನ ಕಡೆಯ ನಮ್ಮಂಥವರಿಗೆ 'ಆಟ' ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ಚೆಂಡೆಯ ಸದ್ದು ಕೇಳಿದರೆ ಸಾಕು, ಕಾಲು ತಾನಾಗಿ ಬಯಲಿನ ಕಡೆ ತಿರುಗುತ್ತದೆ. ಆದರೆ ಇವತ್ತು ನಾನು ನಿಮ್ಮ ಮುಂದೆ ಹೇಳಲು ಹೊರಟಿರುವುದು ಇನ್ನೊಂದು ಆಟದ ವಿಷಯ. ಅದು ಫುಟ್‌ಬಾಲ್. ಅದರಲ್ಲಿಯೂ ಒಂದು ತಂಡದ ಒಂದು ವರ್ಷದ ಸೋಲಿನ ವಿಷಯ. ತಂಡ ಕೊಚ್ಚಿಯ ಕೇರಳ ಬ್ಲಾಸ್ಟರ್ಸ್; ವರ್ಷ 2018–19.

ಗೆದ್ದವರ ಕಥೆ ಬಿಟ್ಟು ಸೋತವರದ್ದು ಯಾಕೆ ಎಂದು ನೀವು ಕೇಳಬಹುದು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕ ತಾಳೆಯಾದ ದಿನದ ಪುಸ್ತಕವನ್ನು ಯಾರೂ ತಿರುಗಿ ನೋಡುವುದಿಲ್ಲ. ತಾಳೆಯಾಗದ ದಿನದ ಪುಸ್ತಕವನ್ನು ಹಿಡಿದುಕೊಂಡು ರಾತ್ರಿ ಎಂಟು ಗಂಟೆಯವರೆಗೆ ಕುಳಿತದ್ದುಂಟು. ಆ ಅಭ್ಯಾಸ ಈಗಲೂ ಬಿಟ್ಟಿಲ್ಲ.

ಮೊದಲು ಮೊತ್ತವನ್ನು ಹೇಳಿಬಿಡುತ್ತೇನೆ, ಆಮೇಲೆ ವಿವರಕ್ಕೆ ಹೋಗೋಣ. ಇಂಡಿಯನ್ ಸೂಪರ್ ಲೀಗಿನಲ್ಲಿ ಆ ವರ್ಷ ಹತ್ತು ತಂಡಗಳು. ಒಂದೊಂದು ತಂಡಕ್ಕೆ 18 ಆಟ. ಬ್ಲಾಸ್ಟರ್ಸ್ ಗೆದ್ದದ್ದು 2, ಸಮ ಮಾಡಿಕೊಂಡದ್ದು 9, ಸೋತದ್ದು 7. ಹೊಡೆದ ಗೋಲು 18, ತಿಂದ ಗೋಲು 28. ಅಂಕ 15. ಹತ್ತು ತಂಡಗಳಲ್ಲಿ ಒಂಬತ್ತನೆಯ ಸ್ಥಾನ. ಅವರಿಗಿಂತ ಕೆಳಗಿದ್ದದ್ದು ಚೆನ್ನೈ ತಂಡ ಒಂದೇ. ಆ ಚೆನ್ನೈಯವರು ಹಿಂದಿನ ವರ್ಷದ ಚಾಂಪಿಯನ್ನರು, ಅದು ಬೇರೆಯೇ ಒಂದು ಕಥೆ.

ಇಂಥ ತಂಡ ಅದಕ್ಕೆ ಮೊದಲು ಹೇಗಿತ್ತು ಎಂಬುದನ್ನೂ ನೆನಪಿಸಿಕೊಳ್ಳಬೇಕು. 2014ರಲ್ಲಿ ತಂಡ ಹುಟ್ಟಿದಾಗ ಮಾಲೀಕರಲ್ಲಿ ಸಚಿನ್ ತೆಂಡುಲ್ಕರ್ ಒಬ್ಬರು. ಮೊದಲ ವರ್ಷವೇ ಫೈನಲಿಗೆ ಹೋಗಿ, ಮುಂಬಯಿಯಲ್ಲಿ ಕೊಲ್ಕತ್ತದ ಎದುರು ಕಟ್ಟಕಡೆಯ ಗಳಿಗೆಯಲ್ಲಿ ತಿಂದ ಒಂದು ಗೋಲಿನಿಂದ ಸೋತರು. 2016ರಲ್ಲಿ ಮತ್ತೆ ಫೈನಲು, ಮತ್ತೆ ಅದೇ ಕೊಲ್ಕತ್ತ. ಈ ಸಲ ಕೊಚ್ಚಿಯ ಕಲೂರಿನ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ, 50 ಸಾವಿರಕ್ಕೂ ಮೀರಿದ ಜನರ ಎದುರಿಗೆ. ಆ ದಿನ ತಲೆಯಿಂದ ಹೊಡೆದು ಮೊದಲ ಗೋಲು ಹಾಕಿದವರು ಮೊಹಮ್ಮದ್ ರಾಫಿ. ಅವರು ನಮ್ಮದೇ ಜಿಲ್ಲೆಯ ತೃಕ್ಕರಿಪುರದವರು. ಪೆನಾಲ್ಟಿಯಲ್ಲಿ ಆ ಫೈನಲೂ ಕೈತಪ್ಪಿತು. ಆದರೂ ಕಾಸರಗೋಡಿನ ದಕ್ಷಿಣದ ತುದಿಯ ಒಬ್ಬ ಹುಡುಗ ಅಷ್ಟು ದೊಡ್ಡ ಆಟದಲ್ಲಿ ಗೋಲು ಹಾಕಿದ್ದು ಉತ್ತರದ ತುದಿಯಲ್ಲಿರುವ ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಹುಡುಗರಿಗೂ ಹೆಮ್ಮೆಯ ಸಂಗತಿಯಾಗಿತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ಸೆವೆನ್ಸ್ ಆಡುವ ಹುಡುಗರು ಹಳದಿ ಅಂಗಿ ಹಾಕಿಕೊಳ್ಳತೊಡಗಿದ್ದು ಆ ಕಾಲದಲ್ಲಿಯೇ.

ಈಗ 2018ಕ್ಕೆ ಬರೋಣ. ಆ ವರ್ಷದ ಸೂಚನೆಗಳು ಮೊದಲೇ ಒಳ್ಳೆಯದಿರಲಿಲ್ಲ. ಜುಲೈಯಲ್ಲಿ ಕೊಚ್ಚಿಯಲ್ಲಿಯೇ ಎರಡು ವಿದೇಶಿ ತಂಡಗಳೊಡನೆ ಅಭ್ಯಾಸದ ಆಟವಿತ್ತು. ಆಸ್ಟ್ರೇಲಿಯದ ಮೆಲ್ಬರ್ನ್ ಸಿಟಿ ಆರು ಗೋಲು ಹಾಕಿತು, ಸ್ಪೇನಿನ ಜಿರೋನ ಐದು ಹಾಕಿತು, ನಮ್ಮವರದು ಸೊನ್ನೆ. ದೊಡ್ಡವರ ಎದುರು ಸೋತರೆ ನಾಚಿಕೆಯಿಲ್ಲ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ಆಗಸ್ಟಿನಲ್ಲಿ ಕೇರಳಕ್ಕೆ ಆ ಮಹಾ ನೆರೆ ಬಂತು. ಸೆಪ್ಟೆಂಬರಿನಲ್ಲಿ ಸಚಿನ್ ತಮ್ಮ ಪಾಲನ್ನು ಬಿಟ್ಟುಕೊಟ್ಟು ಹೊರಗೆ ಹೋದರು. ತರಬೇತುದಾರರಾಗಿದ್ದವರು ಡೇವಿಡ್ ಜೇಮ್ಸ್. ಇಂಗ್ಲೆಂಡಿನ ಗೋಲಿಯಾಗಿದ್ದವರು, 2014ರಲ್ಲಿ ಆಡುತ್ತಲೇ ತರಬೇತು ಕೊಟ್ಟು ತಂಡವನ್ನು ಫೈನಲಿಗೆ ಒಯ್ದವರು. ಗೋಲಿ ಎಂದಾಗ ನಮ್ಮ ಹಿರಿಯರು ಮಕ್ಕಳಾಡುವ ಗೋಲಿ ಎಂದುಕೊಂಡು ನಕ್ಕದ್ದುಂಟು. ಮಲಯಾಳದಲ್ಲಿ ಗೋಲು ಕಾಯುವವನಿಗೆ ಆ ಹೆಸರು ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಸೆಪ್ಟೆಂಬರ್ 29ರಂದು ಲೀಗಿನ ಮೊದಲ ಆಟವೇ ಇವರದು, ಕೊಲ್ಕತ್ತದಲ್ಲಿ. ಎರಡು ಫೈನಲುಗಳಲ್ಲಿ ಸೋಲಿಸಿದ್ದ ಅದೇ ತಂಡವನ್ನು ಅವರ ಮನೆಯಂಗಳದಲ್ಲಿಯೇ ಎರಡು–ಸೊನ್ನೆಯಿಂದ ಸೋಲಿಸಿ ಬಂದರು. ಮರುದಿನ ಬ್ಯಾಂಕಿಗೆ ಬಂದ ಗಿರಾಕಿಗಳು ಹಣ ಎಣಿಸುವುದನ್ನು ಬಿಟ್ಟು ಗೋಲು ಎಣಿಸುತ್ತಿದ್ದರು ಎನ್ನೋಣವೆಂದರೆ ಮರುದಿನ ಭಾನುವಾರ. ಸೋಮವಾರ ಮಾತ್ರ ಅದೇ ಸುದ್ದಿ.

ಅದಾದ ಮೇಲೆ ಮುಂದಿನ ಗೆಲುವು ಬಂದದ್ದು 2019ರ ಫೆಬ್ರವರಿ 15ಕ್ಕೆ. ದಿನ ಎಣಿಸಿ ನೋಡಿ, 139. ನಡುವೆ ಹದಿನಾಲ್ಕು ಆಟ, ಒಂದೂ ಗೆಲುವಿಲ್ಲ.

ಆ ಹದಿನಾಲ್ಕರಲ್ಲಿ ಜನ ನೆನಪಿಟ್ಟುಕೊಂಡಿರುವುದು ಒಂದನ್ನೇ. ಡಿಸೆಂಬರ್ 16ರಂದು ಮುಂಬಯಿಯಲ್ಲಿ ಆರು–ಒಂದರ ಸೋಲು. ಮೋದು ಸೂಗು ಎಂಬ ಸೆನೆಗಲ್ ದೇಶದ ಆಟಗಾರ ಒಬ್ಬನೇ ನಾಲ್ಕು ಗೋಲು ಹಾಕಿದ. ಎರಡು ದಿನ ಕಳೆಯುವುದರೊಳಗೆ ಡೇವಿಡ್ ಜೇಮ್ಸ್ ಕೆಲಸ ಬಿಟ್ಟು ಹೋದರು. ಆ ವರ್ಷವನ್ನು ಕೆಡಿಸಿದ್ದು ಆ ಒಂದು ದಿನ ಎಂದು ಈಗಲೂ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆರು ಗೋಲಿನಿಂದ ಸೋತರೂ ಒಂದು ಗೋಲಿನಿಂದ ಸೋತರೂ ಅಂಕ ಸೊನ್ನೆಯೇ. ಖಾತೆ ಬರಿದಾದದ್ದು ದೊಡ್ಡ ಚೆಕ್ಕಿನಿಂದಲ್ಲ, ಚಿಲ್ಲರೆ ಸೋರಿಹೋದದ್ದರಿಂದ. ಆ ಚಿಲ್ಲರೆಯನ್ನೇ ನಿಮಗೆ ಎಣಿಸಿ ತೋರಿಸುತ್ತೇನೆ.

ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಕ್ಟೋಬರ್ 5ರಂದು ಕೊಚ್ಚಿಯಲ್ಲಿ ಮುಂಬಯಿಯ ಎದುರು ಆಟ. ನೆರೆಯಲ್ಲಿ ದೋಣಿ ತಂದು ಜೀವ ಉಳಿಸಿದ ಬೆಸ್ತರ ಗೌರವಕ್ಕಾಗಿ ಅಂದು ವಿಶೇಷ ಅಂಗಿ ತೊಟ್ಟು ಆಡಿದರು. ಹಾಲಿಚರಣ್ ನರ್ಜಾರಿ ಮೊದಲೇ ಒಂದು ಗೋಲು ಹಾಕಿದ್ದ. ತೊಂಬತ್ತು ನಿಮಿಷ ಮುಗಿಯಿತು, ಜನ ಎದ್ದು ನಿಂತು ಕುಣಿಯುತ್ತಿದ್ದರು. ಹೆಚ್ಚುವರಿ ಕೊಟ್ಟ ನಿಮಿಷಗಳಲ್ಲಿ ಮುಂಬಯಿಯ ಎಳೆಯ ಹುಡುಗ ಪ್ರಾಂಜಲ್ ಭೂಮಿಜ್ ದೂರದಿಂದ ಒಂದು ಹೊಡೆತ ಹೊಡೆದ, ಸಮ. ಹೋದದ್ದು ಎರಡು ಅಂಕ. ಅಕ್ಟೋಬರ್ 20ರಂದು ದಿಲ್ಲಿಯ ಎದುರು ಮತ್ತೆ ಒಂದು ಗೋಲು ಮುಂದಿದ್ದು 84ನೆಯ ನಿಮಿಷಕ್ಕೆ ಸಮ ಮಾಡಿಕೊಂಡರು. ಇನ್ನೆರಡು ಹೋಯಿತು. ನವೆಂಬರ್ 5ರಂದು ಬೆಂಗಳೂರು ತಂಡ ಕೊಚ್ಚಿಗೆ ಬಂತು. ಒಂದು–ಒಂದು ಇದ್ದದ್ದು 81ನೆಯ ನಿಮಿಷಕ್ಕೆ ತಮ್ಮವನದೇ ಕಾಲು ತಾಗಿ ಚೆಂಡು ತಮ್ಮದೇ ಬಲೆಗೆ ಹೋಗಿ ಸೋತರು. ಅಲ್ಲಿ ಒಂದು. ನವೆಂಬರ್ 23, ಗುವಾಹಾಟಿ, ನಾರ್ತ್‌ಈಸ್ಟ್ ತಂಡದೊಡನೆ. ಇದನ್ನು ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ತೊಂಬತ್ತು ನಿಮಿಷದವರೆಗೆ ಗೆದ್ದಿದ್ದ ಆಟ; ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ತಿಂದು ಸೋತರು. ಒಂದಲ್ಲ, ಎರಡಲ್ಲ, ಮೂರೂ ಅಂಕ ಹೋಯಿತು.

ಐದನೆಯದು ನಿಮ್ಮಲ್ಲಿ ಬಹಳ ಮಂದಿ ನೋಡಿರುವ ಆಟ. 2019ರ ಫೆಬ್ರವರಿ 6, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಅಷ್ಟರಲ್ಲಿ ಜೇಮ್ಸರ ಜಾಗಕ್ಕೆ ಪೋರ್ಚುಗಲಿನ ನೆಲೋ ವಿಂಗಾಡ ಬಂದಿದ್ದರು. ಲೀಗಿನ ಅತ್ಯುತ್ತಮ ತಂಡದ ಎದುರು, ಅವರ ಅಂಗಳದಲ್ಲಿ, ಅರ್ಧ ಆಟಕ್ಕೆ ಬ್ಲಾಸ್ಟರ್ಸ್ ಎರಡು–ಸೊನ್ನೆ ಮುಂದೆ! ಟೀವಿಯಲ್ಲಿ ಶೈಜು ದಾಮೋದರನ್ ಅವರ ಮಲಯಾಳ ವಿವರಣೆ ಕೇಳಿ ಅಭ್ಯಾಸವಿದ್ದವರಿಗೆ ಗೊತ್ತು, ಗೋಲಾದಾಗ ಅವರ ಗಂಟಲು ಯಾವ ಎತ್ತರಕ್ಕೆ ಹೋಗುತ್ತದೆಂದು. ಎರಡನೆಯ ಅರ್ಧದಲ್ಲಿ ಉದಾಂತ ಸಿಂಗ್ ಒಂದು ತೀರಿಸಿದ. 85ನೆಯ ನಿಮಿಷಕ್ಕೆ ಸುನಿಲ್ ಛೇತ್ರಿ ಇನ್ನೊಂದನ್ನು ತೀರಿಸಿದ. ಮತ್ತೆ ಎರಡು ಅಂಕ.

ಕೂಡಿಸಿ: ಎರಡು, ಎರಡು, ಒಂದು, ಮೂರು, ಎರಡು. ಒಟ್ಟು ಹತ್ತು. ಎಲ್ಲವೂ ಕೊನೆಯ ಹತ್ತು ನಿಮಿಷಗಳ ಒಳಗೆ ಕಳಕೊಂಡದ್ದು. ಇಡೀ ರಾತ್ರಿ ಚೆನ್ನಾಗಿ ಕುಣಿದ ವೇಷಧಾರಿ ಬೆಳಗಿನ ಜಾವದ ಯುದ್ಧಕ್ಕೆ ರಂಗಸ್ಥಳದಲ್ಲಿಯೇ ತೂಕಡಿಸಿದ ಹಾಗೆ.

ಆದರೆ ಜಮೆಯನ್ನು ಬಿಟ್ಟು ಖರ್ಚನ್ನು ಮಾತ್ರ ಬರೆಯುವುದು ನ್ಯಾಯವಲ್ಲ. ಅಕ್ಟೋಬರ್ 29ರಂದು ಜಮ್‌ಷೆಡ್‌ಪುರದಲ್ಲಿ ಎರಡು ಗೋಲು ಹಿಂದಿದ್ದು, 85ನೆಯ ನಿಮಿಷಕ್ಕೆ ಸಿ. ಕೆ. ವಿನೀತ್ ಹಾಕಿದ ಗೋಲಿನಿಂದ ಇವರೂ ಒಂದು ಅಂಕ ಸಂಪಾದಿಸಿದ್ದರು. ಹಾಗಾಗಿ ನಿವ್ವಳ ನಷ್ಟ ಒಂಬತ್ತು. ಹದಿನೈದಕ್ಕೆ ಒಂಬತ್ತು ಸೇರಿಸಿದರೆ 24. ಆ ವರ್ಷ ಸೆಮಿಫೈನಲಿಗೆ ಹೋದ ನಾಲ್ಕನೆಯ ತಂಡ ನಾರ್ತ್‌ಈಸ್ಟ್, 29 ಅಂಕ. ಗುವಾಹಾಟಿಯಲ್ಲಿ ಇವರಿಂದ ಕಿತ್ತುಕೊಂಡ ಮೂರನ್ನು ಅವರ ಲೆಕ್ಕದಿಂದ ಕಳೆದರೂ 26. ಅಂದರೆ ಆ ಕಳೆದುಹೋದ ನಿಮಿಷಗಳನ್ನೆಲ್ಲ ದೇವರು ಪ್ರತ್ಯಕ್ಷನಾಗಿ ಹಿಂದಕ್ಕೆ ಕೊಟ್ಟಿದ್ದರೂ ಇವರು ನಾಲ್ಕರೊಳಗೆ ಬರುತ್ತಿರಲಿಲ್ಲ. 'ಅದೃಷ್ಟ ಕೆಟ್ಟದು' ಎಂದು ಹೇಳಿ ಕೈತೊಳೆದುಕೊಳ್ಳುವವರಿಗೆ ನಾನು ಈ ಲೆಕ್ಕ ತೋರಿಸುವುದು. ಹದಿನೆಂಟು ಆಟಕ್ಕೆ ಹದಿನೆಂಟು ಗೋಲು ಹಾಕುವ ತಂಡಕ್ಕೆ, ಒಂದು ಗೋಲು ಮುಂದಿರುವಾಗ ಎರಡನೆಯದನ್ನು ಹಾಕಿ ಬಾಗಿಲು ಭದ್ರ ಮಾಡುವ ಶಕ್ತಿಯಿಲ್ಲ. ಶಕ್ತಿಯಿಲ್ಲದವನು ಹಿಂದಕ್ಕೆ ಸರಿದು ಕಾಯುತ್ತಾನೆ. ಹಿಂದೆ ಸರಿದಷ್ಟೂ ಎದುರಾಳಿ ಮುಂದೆ ಬರುತ್ತಾನೆ. ಆಮೇಲೆ 80ನೆಯ ನಿಮಿಷ ಆಗುತ್ತದೆ.

ತರಬೇತುದಾರರನ್ನು ಬದಲಾಯಿಸಿದ್ದರಿಂದ ಲಾಭವಾಯಿತೇ ಎಂದು ಕೇಳಿದರೆ, ಅದಕ್ಕೂ ಅಂಕಿ ಇದೆ. ಜೇಮ್ಸರ ಹನ್ನೆರಡು ಆಟಕ್ಕೆ ಒಂಬತ್ತು ಅಂಕ, ವಿಂಗಾಡರ ಆರು ಆಟಕ್ಕೆ ಆರು. ಸ್ವಲ್ಪ ಮೇಲು. ಅಷ್ಟೇ.

ಇನ್ನು ಜನರ ವಿಷಯ. ಇದನ್ನು ಹೇಳದಿದ್ದರೆ ಮೇಲಿನ ಲೆಕ್ಕವೆಲ್ಲ ಬರೀ ಅಂಕಿ. ಬ್ಲಾಸ್ಟರ್ಸ್ ಅಭಿಮಾನಿಗಳ ಕೂಟಕ್ಕೆ 'ಮಞ್ಞಪ್ಪಡ' ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅರಸಿನ ಬಣ್ಣದ ಪಡೆ. ದೇಶದಲ್ಲಿಯೇ ದೊಡ್ಡ ಅಭಿಮಾನಿ ಬಳಗಗಳಲ್ಲಿ ಅದೊಂದು. ಡಿಸೆಂಬರ್ ಹೊತ್ತಿಗೆ ಕಲೂರಿನ ಕ್ರೀಡಾಂಗಣ ಬಣಗುಡುತ್ತಿತ್ತು. ಟೀವಿಯಲ್ಲಿ ನೋಡುವಾಗ ಹಳದಿ ಅಂಗಿಗಿಂತ ಖಾಲಿ ಕುರ್ಚಿಗಳೇ ಹೆಚ್ಚು ಕಾಣುತ್ತಿದ್ದವು. ಹಣ ಕೊಟ್ಟು ಟಿಕೇಟು ತೆಗೆದವನಿಗೆ ಬಾರದೆ ಕುಳಿತುಕೊಳ್ಳುವ ಹಕ್ಕು ಇದೆ. ವ್ಯಾಪಾರದಲ್ಲಿ ಅದೇ ಅವನ ಕೈಯಲ್ಲಿರುವ ಚೀಟಿ. ಇದರಲ್ಲಿ ನಾನು ಯಾರನ್ನೂ ದೂರುವುದಿಲ್ಲ.

ದೂರುವುದು ಇನ್ನೊಂದನ್ನು. ವಿನೀತ್ ಕಣ್ಣೂರು ಜಿಲ್ಲೆಯವರು, ಬೆಂಗಳೂರು ತಂಡದಲ್ಲಿ ಆಡಿ ಹೆಸರು ಮಾಡಿದವರು, ಬ್ಲಾಸ್ಟರ್ಸಿಗಾಗಿ 2016ರಲ್ಲಿ ಗೋಲಿನ ಮೇಲೆ ಗೋಲು ಹಾಕಿ ಫೈನಲಿಗೆ ತಲುಪಿಸಿದವರು. ಆಟಕ್ಕಾಗಿ ಊರೂರು ತಿರುಗಿ, ಹಾಜರಿ ಸಾಲದೆಂದು 2017ರಲ್ಲಿ ಕೇಂದ್ರ ಸರಕಾರದ ಕಚೇರಿಯ ಉದ್ಯೋಗವನ್ನೇ ಕಳೆದುಕೊಂಡ ಮನುಷ್ಯ. ಸರಕಾರಿ ಕೆಲಸ ಎಂದರೆ ಏನೆಂದು ಬಲ್ಲ ನಮಗೆ ಅದರ ಬೆಲೆ ಗೊತ್ತು. ಅಂಥವರು ಕೆಲವು ಅವಕಾಶ ತಪ್ಪಿಸಿದರೆಂದು ಮೊಬೈಲಿನಲ್ಲಿ ಬಾಯಿಗೆ ಬಂದಂತೆ ಬೈದರು. ಜನವರಿಯಲ್ಲಿ ಅವರು ಎರವಲಾಗಿ ಚೆನ್ನೈ ತಂಡಕ್ಕೆ ಹೋದರು. ಫೆಬ್ರವರಿಯಲ್ಲಿ ಅದೇ ಚೆನ್ನೈಯ ಅಂಗಿ ತೊಟ್ಟು ಕೊಚ್ಚಿಗೆ ಬಂದದ್ದು, ಆಮೇಲೆ ತಮ್ಮ ಮೇಲೆ ಸುಳ್ಳು ಸುದ್ದಿ ಹಬ್ಬಿಸಿದ್ದಾರೆಂದು ಪೊಲೀಸರಿಗೆ ದೂರು ಕೊಡುವಷ್ಟು ನೊಂದುಕೊಂಡದ್ದು, ಇದೆಲ್ಲ ಪತ್ರಿಕೆಗಳಲ್ಲಿ ಬಂತು. ಸೋತ ವರ್ಷದಲ್ಲಿ ಒಬ್ಬನ ತಲೆಯ ಮೇಲೆ ಎಲ್ಲವನ್ನೂ ಹೊರಿಸುವ ಈ ಬುದ್ಧಿ ಫುಟ್‌ಬಾಲಿಗೆ ಮಾತ್ರ ಸೇರಿದ್ದಲ್ಲ ಎಂದು ನಿಮಗೂ ಗೊತ್ತು.

ಅದೇ ಫೆಬ್ರವರಿ 15ರ ಆಟದಲ್ಲಿಯೇ ಆ 139 ದಿನದ ಬರ ಮುಗಿದದ್ದು. ಚೆನ್ನೈಯನ್ನು ಮೂರು–ಸೊನ್ನೆಯಿಂದ ಸೋಲಿಸಿದರು. ಮೂರನೆಯ ಗೋಲು ಸಹಲ್ ಅಬ್ದುಲ್ ಸಮದ್ ಹಾಕಿದ್ದು, ಲೀಗಿನಲ್ಲಿ ಅವನ ಮೊದಲ ಗೋಲು. ಅವನೂ ಕಣ್ಣೂರಿನವನೇ, ಆಗ 21 ವರ್ಷ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡ ಹಾಗೆ ಓಡುವ ಆ ಹುಡುಗನಿಗೆ ವರ್ಷದ ಕೊನೆಗೆ ಉದಯೋನ್ಮುಖ ಆಟಗಾರನ ಬಹುಮಾನವೂ ಬಂತು. ಒಂಬತ್ತನೆಯ ಸ್ಥಾನದ ತಂಡದಿಂದ ಅಂಥ ಬಹುಮಾನ ಬರುವುದು ಸಣ್ಣ ಸಂಗತಿಯಲ್ಲ. ಆ ವರ್ಷದ ಜಮೆಯ ಕಡೆಯಲ್ಲಿ ನಾನು ಬರೆಯುವ ಒಂದೇ ದೊಡ್ಡ ರಕಮು ಅದು.

ಈಗ ನಮ್ಮ ಮನೆಯೊಳಗಿನ ಪ್ರಶ್ನೆಗೆ ಬರುತ್ತೇನೆ. ಆ ವರ್ಷದ ಕಪ್ಪು ಯಾರಿಗೆ ಹೋಯಿತು? ಬೆಂಗಳೂರಿಗೆ. ಬ್ಲಾಸ್ಟರ್ಸ್ ಕೆಳಗಿನಿಂದ ಎರಡನೆಯದು, ಬೆಂಗಳೂರು ಎಲ್ಲಕ್ಕೂ ಮೇಲೆ. ಗಡಿಯಲ್ಲಿರುವ ನಮಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೇ? ಕೊಚ್ಚಿಗೂ ಒಂದು ರಾತ್ರಿಯ ಪ್ರಯಾಣ, ಬೆಂಗಳೂರಿಗೂ ಒಂದು ರಾತ್ರಿಯ ಪ್ರಯಾಣ. ನನ್ನ ಅಕ್ಕನ ಮೊಮ್ಮಗ ಆಗ ಕನ್ನಡ ಮಾಧ್ಯಮದ ಎಂಟನೆಯ ತರಗತಿಯಲ್ಲಿದ್ದ. ಅವನ ಶಾಲೆಯಲ್ಲಿ ಕೆಲವರು, "ಕನ್ನಡ ಕಲಿಯುವವನು ಬೆಂಗಳೂರಿಗೆ ಕೈತಟ್ಟಬೇಕು, ಕೊಚ್ಚಿಯ ಅಂಗಿ ಯಾಕೆ ಹಾಕುತ್ತೀ?" ಎಂದು ಕೆಣಕಿದ್ದರಂತೆ. ಆಟದ ಬಯಲಿನಲ್ಲಿ ಇನ್ನು ಕೆಲವರು, "ನೀನು ಕನ್ನಡದವನು, ನಿನಗೆ ಬ್ಲಾಸ್ಟರ್ಸ್ ಯಾಕೆ?" ಎಂದರಂತೆ. ಎರಡೂ ಕಡೆಯಿಂದ ಏಟು ತಿಂದ ಮೃದಂಗದ ಹಾಗೆ ಮನೆಗೆ ಬಂದು, "ಅಜ್ಜ, ನಮ್ಮದು ಯಾವ ಟೀಮು?" ಎಂದು ಕೇಳಿದ.

ಇದು ಮಕ್ಕಳ ಮಾತೆಂದು ನಗಬೇಡಿ. 1956ರ ನವೆಂಬರ್ ಒಂದರಿಂದ ಈ ಪ್ರಶ್ನೆಯನ್ನು ಬೇರೆ ಬೇರೆ ವೇಷದಲ್ಲಿ ನಾವೆಲ್ಲ ಕೇಳಿಸಿಕೊಂಡಿದ್ದೇವೆ. ಅರ್ಜಿಯ ಫಾರಮು ಯಾವ ಭಾಷೆಯಲ್ಲಿ ಎಂಬಲ್ಲಿ ಕೇಳಿದ್ದೇವೆ, ಶಾಲೆಗೆ ಬರುವ ಮೇಷ್ಟರಿಗೆ ಕನ್ನಡ ಬರುತ್ತದೋ ಇಲ್ಲವೋ ಎಂಬಲ್ಲಿ ಕೇಳಿದ್ದೇವೆ. ಅಲ್ಲಿ ನಾವು ಪಟ್ಟು ಹಿಡಿಯಬೇಕಾದದ್ದು ಸರಿ, ಹಿಡಿದಿದ್ದೇವೆ. ಆದರೆ ಗದ್ದೆಯಲ್ಲಿ ಜತೆಗೆ ಆಡುವ ಮಲಯಾಳದ ಹುಡುಗನೊಡನೆ, ತುಳುವಿನ ಹುಡುಗನೊಡನೆ, ಬ್ಯಾರಿಗಳ ಹುಡುಗನೊಡನೆ ಒಂದೇ ಬಣ್ಣದ ಅಂಗಿ ತೊಟ್ಟರೆ ನಮ್ಮ ಕನ್ನಡಕ್ಕೆ ಒಂದು ಅಕ್ಷರವೂ ಕಡಿಮೆಯಾಗುವುದಿಲ್ಲ. ಬೆಂಗಳೂರು ತಂಡದಲ್ಲಿ ಆಡಿದ ಉದಾಂತ ಮಣಿಪುರದವನು, ರಾಹುಲ್ ಭೇಕೆ ಮುಂಬಯಿಯವನು. ಅವರಿಗೆ ಕೈತಟ್ಟಲು ಯಾರೂ ಮನೆಮಾತು ಕೇಳಿಲ್ಲ. ಮತ್ತೆ ನಮ್ಮ ಹುಡುಗನನ್ನು ಮಾತ್ರ ಯಾಕೆ ಕೇಳಬೇಕು?

ನಾನು ಅವನಿಗೆ ಇಷ್ಟೆಲ್ಲ ಹೇಳಲಿಲ್ಲ. "ನಿನಗೆ ಯಾವುದರಲ್ಲಿ ಮನಸ್ಸು?" ಎಂದು ಕೇಳಿದೆ. "ಬ್ಲಾಸ್ಟರ್ಸ್" ಎಂದ. "ಸೋಲುತ್ತಿದ್ದಾರಲ್ಲ ಮಾರಾಯ" ಎಂದೆ. "ಸೋಲಲಿ" ಎಂದ. ಕಲೂರಿನಲ್ಲಿ ಸಾವಿರಗಟ್ಟಲೆ ಕುರ್ಚಿ ಖಾಲಿಯಿದ್ದ ತಿಂಗಳಿನಲ್ಲಿ ಹದಿಮೂರು ವರ್ಷದ ಹುಡುಗ ಹೇಳಿದ ಮಾತು ಅದು.

ಮಾರ್ಚ್ ಒಂದಕ್ಕೆ ಕೊಚ್ಚಿಯಲ್ಲಿ ಕೊನೆಯ ಲೀಗ್ ಆಟ, ನಾರ್ತ್‌ಈಸ್ಟ್ ಎದುರು, ಸೊನ್ನೆ–ಸೊನ್ನೆ. ಒಂಬತ್ತನೆಯ ಸಮ ಅದೇ. ಅಲ್ಲಿಗೂ ಮುಗಿಯಲಿಲ್ಲ. ಸೂಪರ್ ಕಪ್ಪಿನ ಅರ್ಹತೆಯ ಆಟಕ್ಕೆ ಭುವನೇಶ್ವರಕ್ಕೆ ಹೋಗಿ, ಇಂಡಿಯನ್ ಆ್ಯರೋಸ್ ಎಂಬ ಹದಿಹರೆಯದ ಹುಡುಗರ ತಂಡದ ಕೈಯಲ್ಲಿ ಎರಡು–ಸೊನ್ನೆಯಿಂದ ಸೋತು ಬಂದರು.

ಮಾರ್ಚ್ 17ರಂದು ಮುಂಬಯಿಯಲ್ಲಿ ಫೈನಲು, ಬೆಂಗಳೂರು ಮತ್ತು ಗೋವಾ. ನಮ್ಮ ಮನೆಯಲ್ಲಿ ಟೀವಿಯ ಮುಂದೆ ನೆರೆಕರೆಯವರೂ ಸೇರಿ ಹತ್ತು ಹನ್ನೆರಡು ಮಂದಿ. ತೊಂಬತ್ತು ನಿಮಿಷಕ್ಕೆ ಗೋಲಿಲ್ಲ, ಮತ್ತೆ ಅರ್ಧ ಗಂಟೆ ಆಡಿಸಿದರು. ಪೆನಾಲ್ಟಿಗೆ ಮೂರೇ ನಿಮಿಷ ಬಾಕಿ ಇರುವಾಗ ಕಾರ್ನರಿನಿಂದ ಬಂದ ಚೆಂಡಿಗೆ ಭೇಕೆ ತಲೆ ಕೊಟ್ಟ. ಎಲ್ಲರೂ ಎದ್ದು ಕೂಗಿದೆವು. ಹಳದಿ ಅಂಗಿಯವನೂ ಕೂಗಿದ. ಕೂಗಿ ಮುಗಿದ ಮೇಲೆ, "ಅಜ್ಜ, ಮುಂದಿನ ವರ್ಷ ಶುರುವಾಗುವುದು ಯಾವಾಗ?" ಎಂದು ಕೇಳಿದ.